ಓಡದ ಪತ್ತೇದಾರ: ‘ದಿ ಡಾನ್ಸರ್ ಅಪ್‌ಸ್ಟೇರ್ಸ್’ ಚಿತ್ರದ ನಿಧಾನ ದೋಷವೋ, ಗುಣವೋ?

ಪ್ರಶ್ನೆ: ಕೈಮರದ ಪ್ರೇಕ್ಷಕ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ನಾವು ಹತ್ತು ಹನ್ನೆರಡು ಮಂದಿ ಸ್ನೇಹಿತರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯ ಜಗುಲಿಯಲ್ಲಿ ಪರದೆ ಕಟ್ಟಿ ಒಂದು ಪರದೇಶದ ಚಿತ್ರ ನೋಡಿ, ಬಳಿಕ ಕಾಫಿ ಕುಡಿಯುತ್ತಾ ಅದರ ಬಗ್ಗೆ ಮಾತನಾಡುವ ರೂಢಿ ಇಟ್ಟುಕೊಂಡಿದ್ದೇವೆ. ಕಳೆದ ಭಾನುವಾರ ಚಿತ್ರ ಆರಿಸುವ ಸರದಿ ನನ್ನದಾಗಿತ್ತು. ನಟ ಜಾನ್ ಮಾಲ್ಕೋವಿಚ್ ಮೊದಲ ಸಲ ನಿರ್ದೇಶಕನಾಗಿ ಮಾಡಿದ, 2002ರಲ್ಲಿ ಬಂದ ‘ದಿ ಡಾನ್ಸರ್ ಅಪ್‌ಸ್ಟೇರ್ಸ್’ ಚಿತ್ರವನ್ನು ಆರಿಸಿದ್ದೆ. ಹೆಸರು ಹೇಳದ ಒಂದು ಲ್ಯಾಟಿನ್ ಅಮೆರಿಕದ ದೇಶ. ಅಲ್ಲಿ ವಕೀಲಿ ಬಿಟ್ಟು ಪೊಲೀಸ್ ಸೇರಿದ ರೇಹಾಸ್ ಎಂಬ ಪತ್ತೇದಾರ. ಅವನು ವರ್ಷಗಟ್ಟಲೆ ಹುಡುಕುವ, ಯಾರೂ ಮುಖ ಕಂಡಿರದ ಎಸೆಕಿಯೆಲ್ ಎಂಬ ಕ್ರಾಂತಿಕಾರಿ ನಾಯಕ. ರೇಹಾಸನ ಪಾತ್ರವನ್ನು ಹಾವಿಯೆರ್ ಬಾರ್ದೆಮ್ ಮಾಡಿದ್ದಾರೆ.

ಚಿತ್ರ ಅರ್ಧಕ್ಕೆ ಬರುವಷ್ಟರಲ್ಲಿ ನಾಲ್ಕು ಮಂದಿ ಎದ್ದು ಹೋದರು. ಉಳಿದವರಲ್ಲಿ ಹಿರಿಯರೊಬ್ಬರು, ‘ಥ್ರಿಲ್ಲರ್ ಎಂದು ಕರೆದಿರಿ, ಬೆನ್ನಟ್ಟುವ ಒಂದು ದೃಶ್ಯವೂ ನೆನಪಿನಲ್ಲಿ ಉಳಿಯಲಿಲ್ಲ, ಈ ಮನುಷ್ಯ ನಿಂತು ನೋಡುವುದನ್ನು ಬಿಟ್ಟರೆ ಬೇರೇನೂ ಮಾಡುವುದಿಲ್ಲವಲ್ಲ’ ಎಂದರು. ನನಗೆ ಆ ಚಿತ್ರ ಬಹಳ ಹಿಡಿಸಿತ್ತು, ಆದರೆ ಏಕೆ ಹಿಡಿಸಿತು ಎಂಬುದನ್ನು ಅವರಿಗೆ ಬಿಡಿಸಿ ಹೇಳಲಾಗಲಿಲ್ಲ. ಆ ರಾತ್ರಿಯಿಂದ ಅದೇ ತಲೆಯಲ್ಲಿ ಕುಳಿತಿದೆ. ಈ ನಿಧಾನ ನಿರ್ದೇಶಕ ಬೇಕೆಂದೇ ಇಟ್ಟುಕೊಂಡದ್ದೇ, ಅಥವಾ ಹೊಸ ನಿರ್ದೇಶಕನ ಕೈ ತಡವರಿಸಿದ್ದೇ? ಕಥೆ ಪೆರು ದೇಶದಲ್ಲಿ ನಿಜಕ್ಕೂ ನಡೆದದ್ದನ್ನು ಆಧರಿಸಿದೆ ಎಂದು ಕೇಳಿದ್ದೇನೆ. ಅದರಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು? ರೇಹಾಸನಿಗೂ ಮಗಳ ನೃತ್ಯ ಶಿಕ್ಷಕಿಗೂ ನಡುವೆ ಮೂಡುವ ಒಲವು ಕಥೆಗೆ ಬಲವೋ ಭಾರವೋ ಎಂಬುದರಲ್ಲೂ ನನಗೆ ಗೊಂದಲವಿದೆ. ತಿಳಿದವರು ಬಿಡುವು ಮಾಡಿಕೊಂಡು ಬರೆಯಬೇಕೆಂದು ವಿನಂತಿ. ಚಿತ್ರ ನೋಡದವರು ಗಮನಿಸಬೇಕು, ಚರ್ಚೆಯಲ್ಲಿ ಕಥೆಯ ಕೊನೆ ಬಯಲಾಗುವುದು ಅನಿವಾರ್ಯ.

ಉತ್ತರ: ಹೇಮಾವತಿ ದಂಡೆ, ಹಾಸನ

ನಮಸ್ಕಾರ. ನಾನು ಇತಿಹಾಸ ಪಾಠ ಮಾಡುವವನು, ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ ಎಂಬುದು ನನ್ನ ಎಣಿಕೆ.

ಈ ಚಿತ್ರ ನಿಕೊಲಸ್ ಶೇಕ್ಸ್‌ಪಿಯರ್ ಅವರು 1995ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿದೆ, ಚಿತ್ರಕಥೆಯೂ ಅವರದೇ. ಕಾದಂಬರಿಯ ಹಿಂದಿರುವುದು ಪೆರುವಿನ ‘ಸೆಂದೆರೊ ಲುಮಿನೊಸೊ’, ಅಂದರೆ ‘ಬೆಳಗುವ ಹಾದಿ’ ಎಂಬ ಮಾವೋವಾದಿ ಸಂಘಟನೆ ಮತ್ತು ಅದರ ನಾಯಕ ಅಬಿಮಾಯೆಲ್ ಗುಸ್ಮಾನ್. ಆತ ಆಂಡೀಸ್ ಬೆಟ್ಟಗಳ ಆಯಾಕುಚೊ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕನಾಗಿದ್ದವನು. 1980ರ ಮೇ 17ರಂದು, ದೇಶ ಹನ್ನೆರಡು ವರ್ಷಗಳ ಸೇನಾಡಳಿತದ ಬಳಿಕ ಮತ ಹಾಕಲು ಸಿದ್ಧವಾಗುತ್ತಿದ್ದ ಹಿಂದಿನ ದಿನ, ಚುಸ್ಚಿ ಎಂಬ ಪುಟ್ಟ ಊರಿನಲ್ಲಿ ಮತಪೆಟ್ಟಿಗೆಗಳನ್ನು ಸುಡುವುದರೊಂದಿಗೆ ಅವರ ಯುದ್ಧ ಆರಂಭವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಜಧಾನಿ ಲೀಮಾದ ಜನ ಬೆಳಿಗ್ಗೆ ಎದ್ದು ನೋಡಿದರೆ ದೀಪದ ಕಂಬಗಳಿಗೆ ಸತ್ತ ನಾಯಿಗಳು ನೇತಾಡುತ್ತಿದ್ದವು, ಅವುಗಳ ಮೇಲೆ ಚೀನಾದ ನಾಯಕ ದೆಂಗ್ ಷಿಯಾವೊಪಿಂಗ್ ಅವರನ್ನು ಹಳಿಯುವ ಬರಹವಿತ್ತು. ಚಿತ್ರದಲ್ಲಿ ನಾಯಿಗಳ ದೃಶ್ಯ ಕಂಡು ಇದು ನಿರ್ದೇಶಕನ ಅತಿರೇಕ ಎಂದು ನಿಮ್ಮಲ್ಲಿ ಯಾರಿಗಾದರೂ ಅನಿಸಿದ್ದರೆ, ಅದು ಅತಿರೇಕವಲ್ಲ, ನಡೆದದ್ದು.

ಇನ್ನು ಹುಡುಕಾಟದ ವಿಷಯ. ವರ್ಷಗಟ್ಟಲೆ ಸೇನೆಯನ್ನು ಬೆಟ್ಟಗಳಿಗೆ ಕಳಿಸಿ, ಹಳ್ಳಿಗಳಲ್ಲಿ ತುರ್ತು ಪರಿಸ್ಥಿತಿ ಹೇರಿ, ಸಾವಿರಾರು ಜನರನ್ನು ಹಿಡಿದು ಬಡಿದರೂ ಗುಸ್ಮಾನ್ ಎಲ್ಲಿದ್ದಾನೆಂಬುದು ತಿಳಿದಿರಲಿಲ್ಲ. ಸತ್ತೇ ಹೋಗಿದ್ದಾನೆ ಎಂದು ನಂಬಿದವರೂ ಇದ್ದರು. 1990ರಲ್ಲಿ ಬೆನೆಡಿಕ್ಟೊ ಹಿಮೆನೆಸ್ ಎಂಬ ಪೊಲೀಸ್ ಅಧಿಕಾರಿಯ ಕೈಗೆ ಬೆರಳೆಣಿಕೆಯ ಸಿಬ್ಬಂದಿ ಕೊಟ್ಟು ಒಂದು ವಿಶೇಷ ಗುಪ್ತದಳ ಕಟ್ಟಲಾಯಿತು. ಅವರು ಸಿಕ್ಕವರನ್ನು ತಕ್ಷಣ ಹಿಡಿಯದೆ ಹಿಂಬಾಲಿಸುವ ದಾರಿ ಹಿಡಿದರು. ಒಬ್ಬನನ್ನು ಇಂದೇ ಹಿಡಿದರೆ ಒಬ್ಬನೇ ಸಿಗುತ್ತಾನೆ, ಅವನನ್ನು ಬಿಟ್ಟು ಅವನ ಬೆನ್ನಿಗೆ ನಡೆದರೆ ಅವನು ತಲುಪುವ ಮನೆ ಸಿಗುತ್ತದೆ ಎಂಬುದು ಅವರ ಲೆಕ್ಕ. 1991ರ ಜನವರಿಯಲ್ಲಿ ಅಂಥ ಒಂದು ಮನೆಯನ್ನು ಶೋಧಿಸಿದಾಗ ಒಂದು ವಿಡಿಯೊ ಟೇಪ್ ಸಿಕ್ಕಿತು. ಅದರಲ್ಲಿ ಗಡ್ಡಧಾರಿ ಗುಸ್ಮಾನ್ ತನ್ನ ಸಂಗಡಿಗರ ನಡುವೆ, ಕುಡಿದ ಅಮಲಿನಲ್ಲಿ, ಗ್ರೀಕ್ ಹಾಡೊಂದಕ್ಕೆ ಹೆಜ್ಜೆ ಹಾಕುತ್ತಿದ್ದ. ಆತ ಬದುಕಿದ್ದಾನೆ, ಅದೂ ಬೆಟ್ಟದಲ್ಲಲ್ಲ, ಲೀಮಾ ನಗರದಲ್ಲೇ ಇದ್ದಾನೆ ಎಂಬುದು ಆಗ ಖಚಿತವಾಯಿತು.

ಅಲ್ಲಿಂದ ಮುಂದಿನದು ಕಸದ ಕೆಲಸ. ಈ ಮಾತನ್ನು ಹಗುರವಾಗಿ ಹೇಳುತ್ತಿಲ್ಲ. ಪೊಲೀಸರು ಬೀದಿ ಗುಡಿಸುವವರ, ಕಸ ಒಯ್ಯುವವರ ವೇಷದಲ್ಲಿ ಅನುಮಾನದ ಮನೆಗಳ ಕಸದ ಚೀಲಗಳನ್ನು ಹೊತ್ತೊಯ್ದು, ತಮ್ಮ ಕೋಣೆಯಲ್ಲಿ ನೆಲದ ಮೇಲೆ ಹರಡಿಕೊಂಡು, ಒಂದೊಂದೇ ಚೂರನ್ನು ಬಿಡಿಸಿ ನೋಡಿದರು. ಸುರ್ಕಿಯೊ ಎಂಬ ಬಡಾವಣೆಯ ಎರಡು ಅಂತಸ್ತಿನ ಮನೆಯೊಂದರಲ್ಲಿ ಮಾರಿತ್ಸಾ ಗಾರಿದೊ ಲೆಕ್ಕಾ ಎಂಬ ನರ್ತಕಿ ತನ್ನ ಸಂಗಾತಿಯೊಂದಿಗೆ ವಾಸವಿದ್ದಳು, ಕೆಳಗಿನ ಅಂತಸ್ತಿನಲ್ಲಿ ನೃತ್ಯ ಕಲಿಸುತ್ತಿದ್ದಳು. ಇಬ್ಬರಿರುವ ಮನೆಯಿಂದ ಇಬ್ಬರಿಗೆ ಮೀರಿದ ಕಸ ಹೊರಬರುತ್ತಿತ್ತು. ಅದರಲ್ಲಿ ಗುಸ್ಮಾನ್ ಸೇದುತ್ತಿದ್ದ ವಿನ್‌ಸ್ಟನ್ ಸಿಗರೇಟಿನ ತುಂಡುಗಳಿದ್ದವು. ಅವನಿಗಿದ್ದ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಹಚ್ಚುವ ಮುಲಾಮಿನ ಖಾಲಿ ಟ್ಯೂಬುಗಳಿದ್ದವು. 1992ರ ಸೆಪ್ಟೆಂಬರ್ 12ರ ಶನಿವಾರ ರಾತ್ರಿ, ಹೊರಗೆ ಪ್ರೇಮಿಗಳಂತೆ ನಟಿಸುತ್ತಾ ನಿಂತಿದ್ದ ಇಬ್ಬರು ಪೊಲೀಸರು, ಅತಿಥಿಗಳನ್ನು ಬೀಳ್ಕೊಡಲು ಬಾಗಿಲು ತೆರೆದ ಕ್ಷಣದಲ್ಲೇ ಒಳನುಗ್ಗಿದರು. ಮಹಡಿಯ ಮೇಲೆ ಗುಸ್ಮಾನ್ ಕುರ್ಚಿಯಲ್ಲಿ ಕುಳಿತಿದ್ದ. ಒಂದು ಜೀವವೂ ಹೋಗಲಿಲ್ಲ.

ಇಂಥ ಹುಡುಕಾಟವನ್ನು ಚಿತ್ರಿಸುವವರು ಕಾರುಗಳನ್ನು ಓಡಿಸಿ, ಗುಂಡು ಹಾರಿಸಿದರೆ ಅದು ಸುಳ್ಳಾಗುತ್ತಿತ್ತು. ಮಾಲ್ಕೋವಿಚ್ ಅವರ ಆಯ್ಕೆ ಉದ್ದೇಶಪೂರ್ವಕ ಎಂದೇ ನಾನು ನಂಬುತ್ತೇನೆ. ಚಿತ್ರದ ಆರಂಭದ ತಪಾಸಣಾ ಠಾಣೆಯನ್ನು ನೆನೆಯಿರಿ: ತನ್ನ ಎದುರಿಗಿರುವವನು ಯಾರೆಂದು ತಿಳಿಯದೆಯೇ ರೇಹಾಸ್ ಆ ಮನುಷ್ಯನನ್ನು ನೋಡುತ್ತಾನೆ. ಉಳಿದ ಎರಡು ಗಂಟೆ ಆ ಒಂದು ನೋಟವನ್ನು ಮರಳಿ ಪಡೆಯುವ ಪ್ರಯತ್ನ. ಬಾರ್ದೆಮ್ ಅವರ ಕಣ್ಣುಗಳೇ ಇಲ್ಲಿ ಘಟನೆ. ನಿಮ್ಮ ಹಿರಿಯರು ‘ನಿಂತು ನೋಡುವುದನ್ನು ಬಿಟ್ಟರೆ ಬೇರೇನೂ ಮಾಡುವುದಿಲ್ಲ’ ಎಂದದ್ದು ಸರಿಯಾದ ಗ್ರಹಿಕೆಯೇ. ಅದನ್ನು ಕೊರತೆ ಎಂದು ಎಣಿಸಿದ್ದರಲ್ಲಿ ಮಾತ್ರ ನನ್ನ ಭಿನ್ನಾಭಿಪ್ರಾಯ.

ಒಲವಿನ ಪ್ರಸಂಗ ಕಾದಂಬರಿಕಾರರ ಸೃಷ್ಟಿ, ಇತಿಹಾಸದ್ದಲ್ಲ.

ಉತ್ತರ: ನಿವೃತ್ತ ಮಫ್ತಿ, ಹಾಸನ

ಸರ್, ನಾನು ಪೇದೆಯಾಗಿ ಸೇರಿ ಎಎಸ್‌ಐ ಆಗಿ ನಿವೃತ್ತನಾದವನು. ಸಿನಿಮಾದ ಬಗ್ಗೆ ಬರೆದು ಅಭ್ಯಾಸವಿಲ್ಲ, ಆದರೂ ಮೇಲಿನ ಉತ್ತರ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಈ ಚಿತ್ರವನ್ನು ನನ್ನ ಮಗ ನನಗೆ ಎರಡು ವರ್ಷದ ಹಿಂದೆ ತೋರಿಸಿದ್ದ. ನಮ್ಮ ಕೆಲಸವನ್ನು ಇಷ್ಟು ಸರಿಯಾಗಿ ತೋರಿಸಿದ ಚಿತ್ರ ನಾನು ಬೇರೆ ನೋಡಿಲ್ಲ.

ನಾನು ಕ್ರಾಂತಿಕಾರಿಗಳನ್ನು ಹುಡುಕಿದವನಲ್ಲ. ನಮ್ಮದು ಮನೆಗಳ್ಳತನ, ಸರಗಳ್ಳತನದ ಕೆಲಸ. ಒಮ್ಮೆ ಹಲವು ಮನೆ ಒಡೆದು ತಲೆಮರೆಸಿಕೊಂಡವನೊಬ್ಬ ತನ್ನ ಅಕ್ಕನ ಮನೆಗೆ ಬಂದು ಹೋಗುತ್ತಾನೆ ಎಂಬ ಮಾಹಿತಿ ಬಂದಿತ್ತು. ಆ ಮನೆಯ ಎದುರಿನ ಪಂಚರ್ ಅಂಗಡಿಯಲ್ಲಿ ಕೆಲಸದವನಂತೆ ಹತ್ತೊಂಬತ್ತು ದಿನ ಕುಳಿತೆ. ಅಂಗಡಿಯ ಯಜಮಾನ ಸುಮ್ಮನೆ ಕೂತರೆ ಜನಕ್ಕೆ ಅನುಮಾನ ಬರುತ್ತದೆ ಎಂದು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗಕ್ಕೆ ಕಡ್ಡಿ ಚುಚ್ಚಿ ಗುರುತು ಮಾಡಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ತೇಪೆ ಹಾಕುವುದನ್ನು ಕಲಿಸಿಕೊಟ್ಟ. ಕಣ್ಣು ಬಾಣಲೆಯ ಮೇಲೆ, ಗಮನ ಎದುರು ಮನೆಯ ಮೇಲೆ. ಆ ಮನೆಯಲ್ಲಿದ್ದವರು ಅಕ್ಕ ಮತ್ತು ಅವಳ ವಯಸ್ಸಾದ ಅತ್ತೆ, ಇಬ್ಬರೇ ಹೆಂಗಸರು. ಹದಿನೇಳನೆಯ ದಿನ ಬೆಳಿಗ್ಗೆ ತಾರಸಿಯ ಹಗ್ಗದ ಮೇಲೆ ಸೀರೆಗಳ ಹಿಂದೆ ಒಂದು ಗಂಡಸಿನ ಲುಂಗಿ ಒಣಗುತ್ತಿತ್ತು. ಅಷ್ಟೇ. ಇನ್ನೆರಡು ದಿನ ಕಾದು, ಅವನು ಹೊರಗೆ ಬಂದಾಗ ಹಿಡಿದೆವು. ಅವನೂ ಓಡಲಿಲ್ಲ, ನಾವೂ ಓಡಲಿಲ್ಲ.

ಆ ಹತ್ತೊಂಬತ್ತು ದಿನಗಳಲ್ಲಿ ನಾನು ಕಲಿತದ್ದನ್ನೇ ರೇಹಾಸನ ಮುಖದಲ್ಲಿ ಕಂಡೆ. ಒಂದು ಮನೆಯನ್ನು ಬಹಳ ದಿನ ನೋಡಿದರೆ ಆ ಮನೆಯವರ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟುತ್ತದೆ. ಆ ಅಕ್ಕ ಅತ್ತೆಯ ಕೈ ಹಿಡಿದು ಮೆಟ್ಟಿಲಿಳಿಸುವುದು, ಹಾಲಿನವನ ಹತ್ತಿರ ಚೌಕಾಸಿ ಮಾಡುವುದು, ಎಲ್ಲವೂ ನನಗೆ ಪರಿಚಿತವಾಗಿಬಿಟ್ಟಿತ್ತು. ತಮ್ಮನನ್ನು ಜೀಪಿಗೆ ಹತ್ತಿಸುವಾಗ ಅವಳು ನನ್ನನ್ನು ಗುರುತು ಹಿಡಿದು, ‘ನೀನು ನಮ್ಮ ಸೈಕಲ್‌ಗೆ ಪಂಚರ್ ಹಾಕಿಕೊಟ್ಟವನಲ್ಲವೇನಪ್ಪ’ ಎಂದಳು. ನಾನು ಉತ್ತರ ಕೊಡಲಿಲ್ಲ. ಅದಕ್ಕೇ ಹೇಳುತ್ತೇನೆ, ಪತ್ತೇದಾರ ಮತ್ತು ನರ್ತಕಿಯ ನಡುವಿನ ಒಲವು ಇತಿಹಾಸದಲ್ಲಿ ಇರದಿರಬಹುದು, ಆದರೆ ಅದು ಸುಳ್ಳಲ್ಲ. ಹುಡುಕುತ್ತಿದ್ದವನು ಅವಳ ಮನೆಯ ಮಹಡಿಯಲ್ಲೇ ಇದ್ದಾನೆ ಎಂದು ತಿಳಿದಾಗ ರೇಹಾಸ್ ಗೆದ್ದವನಂತೆ ಕಾಣುವುದಿಲ್ಲ, ಮನೆಯವರೊಬ್ಬರನ್ನು ಕಳೆದುಕೊಂಡವನಂತೆ ಕಾಣುತ್ತಾನೆ.

ಉತ್ತರ: ತುಂಗೆಯ ಆಚೆ, ಶೃಂಗೇರಿ ಸೀಮೆ

ಮೇಲಿನ ಇಬ್ಬರ ಮಾತೂ ನನಗೆ ಹಿಡಿಸಿತು, ಆದರೂ ಒಂದು ವಿಷಯ ಬಿಟ್ಟುಹೋಗಿದೆ ಎನಿಸುತ್ತದೆ. ನಿವೃತ್ತರಾದ ಸರ್ ಅವರು ಲುಂಗಿಯ ಪ್ರಸಂಗ ಬರೆದದ್ದನ್ನು ಓದುವಾಗ ನನಗೆ ನಮ್ಮ ಅಜ್ಜಿಯ ತಟ್ಟೆಗಳು ನೆನಪಾದವು. ನೋವಾಗಲೆಂದು ಬರೆಯುತ್ತಿಲ್ಲ, ಅದೇ ಸಂಗತಿಯನ್ನು ಬಾಗಿಲಿನ ಒಳಗಿನಿಂದ ನೋಡಿದವಳಾಗಿ ಬರೆಯುತ್ತಿದ್ದೇನೆ.

ನಾನು ಶಾಲೆಗೆ ಹೋಗುತ್ತಿದ್ದ ವರ್ಷಗಳು ನಮ್ಮ ಭಾಗದಲ್ಲಿ ನಕ್ಸಲ್ ಚಟುವಟಿಕೆಯ ಕಾಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಕಾಡಂಚಿನ ಕುಟುಂಬಗಳನ್ನು ಎಬ್ಬಿಸುತ್ತಾರೆ ಎಂಬ ಭಯ ಮನೆಮನೆಯಲ್ಲಿತ್ತು, ಆ ಭಯದ ಜಾಗಕ್ಕೇ ಅವರು ಬಂದರು. 2003ರ ನವೆಂಬರಿನಲ್ಲಿ ಘಟ್ಟದ ಕೆಳಗೆ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರವರಿ 6ರಂದು ನಮ್ಮ ಜಿಲ್ಲೆಯ ಮೆನಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದರು. ಅದಾದ ಮೇಲೆ ವರ್ಷಗಳವರೆಗೆ ರಾತ್ರಿ ಒಬ್ಬರು, ಹಗಲು ಒಬ್ಬರು ಎಂಬಂತೆ ನಮ್ಮ ಅಂಗಳಕ್ಕೆ ಬರುತ್ತಿದ್ದರು. ರಾತ್ರಿ ಬಂದವರು ಬಂದೂಕನ್ನು ಜಗುಲಿಯ ಕಂಬಕ್ಕೆ ಒರಗಿಸಿ, ‘ಅಮ್ಮಾ, ಊಟ ಇದೆಯಾ’ ಎಂದು ಕೇಳುತ್ತಿದ್ದರು. ಹಸಿದು ಬಂದವರಿಗೆ ಇಲ್ಲ ಎನ್ನುವುದು ಅಜ್ಜಿಯ ಜಾಯಮಾನದಲ್ಲೇ ಇರಲಿಲ್ಲ, ಇಲ್ಲ ಎನ್ನುವ ಧೈರ್ಯವೂ ಇರಲಿಲ್ಲ, ಎರಡೂ ನಿಜ. ಅವರು ಉಂಡು ಹೋದ ಮೇಲೆ ಅಜ್ಜಿ ಆ ಕತ್ತಲೆಯಲ್ಲೇ ಬಚ್ಚಲಿಗೆ ಹೋಗಿ, ದೀಪ ಹಚ್ಚದೆ, ಸದ್ದಾಗದಂತೆ ಬೂದಿ ಹಾಕಿ ತಟ್ಟೆಗಳನ್ನು ತಿಕ್ಕಿ, ಒರೆಸಿ ಒಣಗಿಸಿ, ನಾಲ್ಕನ್ನು ಮಾತ್ರ ಹೊರಗಿಟ್ಟು ಉಳಿದದ್ದನ್ನು ಅಕ್ಕಿ ಡಬ್ಬದ ಹಿಂದೆ ಸೇರಿಸುತ್ತಿದ್ದಳು. ಏಕೆಂದರೆ ಬೆಳಿಗ್ಗೆ ಬರುವವರು ತಟ್ಟೆ ಎಣಿಸುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಒಮ್ಮೆ ಒಂದು ಲೋಟ ಹೆಚ್ಚಾಗಿ ಉಳಿದುಬಿಟ್ಟಿತ್ತು. ಬಂದವರಲ್ಲಿ ಒಬ್ಬರು ಅದನ್ನು ಎತ್ತಿ ತಿರುಗಿಸಿ ನೋಡಿ, ಮತ್ತೆ ಅಲ್ಲಿಯೇ ಇಟ್ಟರು. ಏನೂ ಕೇಳಲಿಲ್ಲ. ಅಜ್ಜಿ ಆ ದಿನ ಊಟ ಮಾಡಲಿಲ್ಲ.

ಈಗ ಚಿತ್ರಕ್ಕೆ ಬರುತ್ತೇನೆ. ಶಾಲೆಯ ವಯಸ್ಸಿನ ಮಕ್ಕಳ ಕೈಯಿಂದಲೇ ಕೊಲೆ ಮಾಡಿಸುವುದನ್ನು ಚಿತ್ರ ತೋರಿಸುತ್ತದೆ, ಕ್ರಾಂತಿಯ ಹೆಸರಿನ ಕ್ರೌರ್ಯವನ್ನು ಮುಚ್ಚಿಡುವುದಿಲ್ಲ, ಒಪ್ಪಿದೆ. ಆದರೆ ಅದರ ಕಣ್ಣು ಹೆಚ್ಚಿನ ಹೊತ್ತು ರಾಜಧಾನಿಯಲ್ಲೇ ಇದೆ. ಪೆರುವಿನ ಸತ್ಯ ಮತ್ತು ಸಂಧಾನ ಆಯೋಗ 2003ರಲ್ಲಿ ಕೊಟ್ಟ ವರದಿ ಆ ಸಂಘರ್ಷದಲ್ಲಿ ಸತ್ತವರ ಮತ್ತು ಕಾಣೆಯಾದವರ ಸಂಖ್ಯೆಯನ್ನು ಸುಮಾರು 69 ಸಾವಿರ ಎಂದು ಅಂದಾಜಿಸಿತು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೆಚುವಾ ಮೊದಲಾದ ಮೂಲಭಾಷೆಗಳನ್ನಾಡುವ ಹಳ್ಳಿಯ ಜನ. ಅರ್ಧಕ್ಕಿಂತ ಹೆಚ್ಚು ಸಾವುಗಳಿಗೆ ಸೆಂದೆರೊ ಹೊಣೆ ಎಂದು ಆಯೋಗ ಹೇಳಿತು. 1983ರ ಏಪ್ರಿಲಿನಲ್ಲಿ ಲುಕಾನಾಮಾರ್ಕಾ ಎಂಬ ಊರಿನಲ್ಲಿ ಅವರು ಒಂದೇ ದಿನ ಮಕ್ಕಳು ಮುದುಕರೆನ್ನದೆ 69 ಜನರನ್ನು ಕೊಂದರು. ಇನ್ನೊಂದು ಕಡೆ, ಹಿಮೆನೆಸ್ ಅವರ ದಳ ಕಸ ಬಿಡಿಸುತ್ತಿದ್ದ ಅದೇ 1992ರ ಜುಲೈನಲ್ಲಿ, ಅದೇ ಸರ್ಕಾರದ ಸೇನೆಯ ಕೊಲೆಗಡುಕ ತಂಡವೊಂದು ಲಾ ಕಾಂತೂತಾ ವಿಶ್ವವಿದ್ಯಾಲಯದಿಂದ ಒಂಬತ್ತು ವಿದ್ಯಾರ್ಥಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಎತ್ತಿಕೊಂಡು ಹೋಗಿ ಕೊಂದಿತು. ಇಂಥ ಪ್ರಕರಣಗಳಿಗಾಗಿ ಅಂದಿನ ಅಧ್ಯಕ್ಷ ಫುಜಿಮೋರಿ ಅವರಿಗೆ 2009ರಲ್ಲಿ 25 ವರ್ಷ ಶಿಕ್ಷೆಯಾಯಿತು. ರೇಹಾಸ್ ಒಳ್ಳೆಯವನು, ತಾಳ್ಮೆಯವನು, ಕೈಗೆ ರಕ್ತ ಅಂಟಿಸಿಕೊಳ್ಳದವನು. ಅಂಥವನೊಬ್ಬನ ಬೆನ್ನಿಗೇ ನಮ್ಮನ್ನು ನಡೆಸಿದ್ದರಿಂದ ಬೆಟ್ಟದ ಮೇಲಿನ ಮನೆಗಳಲ್ಲಿ ಆ ವರ್ಷಗಳು ಹೇಗೆ ಕಳೆದವು ಎಂಬುದು ನಮಗೆ ಸಿಗುವುದಿಲ್ಲ. ನಿಧಾನ ನನಗೆ ತೊಂದರೆಯಾಗಲಿಲ್ಲ. ಅಷ್ಟು ನಿಧಾನವಾಗಿ ನೋಡಬಲ್ಲ ಕ್ಯಾಮೆರಾ ಒಂದು ಸಲವಾದರೂ ಒಂದು ಅಡುಗೆಮನೆಯೊಳಗೆ ಕೂರಬೇಕಿತ್ತು ಎಂಬುದು ನನ್ನ ಕೊರಗು.

2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದ ಸುದ್ದಿ ಬಂದಾಗ ಅಜ್ಜಿ ಇರಲಿಲ್ಲ. ಡಬ್ಬದ ಹಿಂದಿನ ತಟ್ಟೆಗಳು ಇನ್ನೂ ಇವೆ.

ಉತ್ತರ: ಬೇಲೂರು ರಸ್ತೆ

ಒಂದೇ ಮಾತು ಸೇರಿಸುತ್ತೇನೆ. ಸ್ಪ್ಯಾನಿಷ್ ಮಾತೃಭಾಷೆಯ ನಟರೆಲ್ಲ ಇಡೀ ಚಿತ್ರದಲ್ಲಿ ಇಂಗ್ಲಿಷ್ ಮಾತನಾಡುವುದು ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಅಲ್ಲಲ್ಲಿ ಕೆಚುವಾ ಕೇಳಿದಾಗ ಮಾತ್ರ ಆ ನೆಲದ ಗಾಳಿ ಬೀಸಿದಂತಾಗುತ್ತದೆ. ಬಾರ್ದೆಮ್ ಅವರು ಮಾತಿಗಿಂತ ಮೌನದಲ್ಲೇ ಹೆಚ್ಚು ನಟಿಸಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಎದ್ದು ಹೋದ ನಾಲ್ಕು ಮಂದಿಗೆ ದಣಿವಾಗಿದ್ದು ನಿಧಾನದಿಂದಲ್ಲ, ಪರಕೀಯ ಉಚ್ಚಾರಣೆಯಲ್ಲಿ ತಡವರಿಸುವ ಸಂಭಾಷಣೆಯಿಂದ ಎಂಬುದು ನನ್ನ ಊಹೆ. ಅವರನ್ನೇ ಒಮ್ಮೆ ಕೇಳಿ ನೋಡಿ.

ಮರುಉತ್ತರ: ಕೈಮರದ ಪ್ರೇಕ್ಷಕ, ಚಿಕ್ಕಮಗಳೂರು

ಎಲ್ಲರಿಗೂ ಹೃದಯದಿಂದ ವಂದನೆ. ಇವನ್ನೆಲ್ಲ ಓದಿದ ಮೇಲೆ ನಿನ್ನೆ ರಾತ್ರಿ ಚಿತ್ರವನ್ನು ಒಬ್ಬನೇ ಕುಳಿತು ಮತ್ತೆ ನೋಡಿದೆ. ತಪಾಸಣಾ ಠಾಣೆಯ ದೃಶ್ಯದಲ್ಲಿ ಮೊದಲ ಸಲ ನಾನು ನೋಡಿದ್ದು ರೇಹಾಸನನ್ನು. ಈ ಸಲ ಅವನ ಎದುರು ಸುಮ್ಮನೆ ನಿಂತಿರುವ ಆ ಮನುಷ್ಯನನ್ನೇ ನೋಡಿದೆ, ಮೈ ಜುಮ್ಮೆಂದಿತು. ಹಾಗೆಯೇ ಶೃಂಗೇರಿ ಸೀಮೆಯ ಸೋದರಿಯ ಮಾತು ಮನಸ್ಸಿನಲ್ಲಿದ್ದುದರಿಂದ, ಕ್ಯಾಮೆರಾ ಪ್ರತಿ ಸಲ ನಗರಕ್ಕೆ ಹಿಂದಿರುಗುವಾಗಲೂ ಅದು ಬಿಟ್ಟುಬಂದ ಬೆಟ್ಟದ ಕಡೆಗೇ ನನ್ನ ಗಮನ ಉಳಿಯಿತು. ಬೇಲೂರು ರಸ್ತೆಯವರು ಹೇಳಿದಂತೆ ಎದ್ದು ಹೋದವರನ್ನು ಕೇಳಿದೆ. ಇಬ್ಬರು ಭಾಷೆಯ ತೊಡಕನ್ನೇ ಹೇಳಿದರು, ಇನ್ನಿಬ್ಬರಿಗೆ ಬೆಳಿಗ್ಗೆ ತೋಟದಲ್ಲಿ ಕಾಫಿ ಕೊಯ್ಲಿತ್ತಂತೆ.

ಮುಂದಿನ ತಿಂಗಳ ಮೊದಲ ಭಾನುವಾರ ಸಂಜೆ ಐದಕ್ಕೆ ಇದೇ ಚಿತ್ರವನ್ನು ಮತ್ತೊಮ್ಮೆ ಹಾಕೋಣ ಎಂದು ಸ್ನೇಹಿತರು ಒಪ್ಪಿದ್ದಾರೆ, ಕೆಳಗೆ ಕನ್ನಡದ ಸಾಲುಗಳನ್ನು ನಾನೇ ಬರೆದು ಹಾಕುತ್ತಿದ್ದೇನೆ. ಹಾಸನದ ಇಬ್ಬರು ಹಿರಿಯರೂ, ಶೃಂಗೇರಿಯ ಸೋದರಿಯೂ ಬರಬೇಕೆಂದು ಕೋರುತ್ತೇನೆ. ರಾತ್ರಿ ಊಟ ನಮ್ಮ ಮನೆಯಲ್ಲೇ.

ಉತ್ತರ: ನಿವೃತ್ತ ಮಫ್ತಿ, ಹಾಸನ

ಖಂಡಿತ ಬರುತ್ತೇನೆ ಸರ್. ಶೃಂಗೇರಿಯ ಮಗಳ ಉತ್ತರವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಆ ಲೋಟವನ್ನು ಎತ್ತಿ ನೋಡಿ ಏನೂ ಕೇಳದೆ ಇಟ್ಟವರು ಯಾರಿರಬಹುದು ಎಂದು ಅವಳು ಕೇಳಿದಳು. ನಮ್ಮಂಥವರೇ ಯಾರೋ ಒಬ್ಬರು ಎಂದೆ. ಅವಳೂ ಬರುತ್ತಾಳೆ, ಇಬ್ಬರಿಗೂ ಜಾಗವಿರಲಿ.